ಟೆನರ್ ಸಾಲಿನ ಕಾಂತಾಮಣಿ

ಮೈಸೂರಿನ ಕೃಷ್ಣಮೂರ್ತಿಪುರಂ ಮನೆಯಲ್ಲಿ ಶಿವಲಿಂಗಯ್ಯ ಮೇಷ್ಟ್ರು ಇಬ್ಬರು ಅಕ್ಕತಂಗಿಯರಿಗೆ ಸಂಗೀತ ಹೇಳಿಕೊಡುತ್ತಿದ್ದರು. ಅಕ್ಕ ಸಾವಿತ್ರಿಗೆ ಹಾಡುವುದು ನೀರು ಕುಡಿದಷ್ಟು ಸುಲಭ. ತಂಗಿ ಕಾಂತಾಮಣಿ ಮಾತ್ರ ಮೇಲಿನ ಷಡ್ಜಕ್ಕೆ ಬರುವಷ್ಟರಲ್ಲಿ ಕೆಮ್ಮುತ್ತಿದ್ದಳು. ಜಂಟಿವರಸೆ ಶುರುವಾದ ಕೆಲವು ದಿನಕ್ಕೆ ಮೇಷ್ಟ್ರು ಕಾಫಿ ಲೋಟ ಕೆಳಗಿಟ್ಟು ಅವರ ಅಮ್ಮನಿಗೆ ಮೆತ್ತಗೆ ಹೇಳಿದರು: "ಈ ಮಗೂಗೆ ಕಂಠ ಇಲ್ಲ ತಾಯಿ. ಗಂಡು ದನಿ. ಓದೋದ್ರಲ್ಲಿ ಚುರುಕಾಗಿದ್ದಾಳೆ, ಓದ್ಲಿ ಬಿಡಿ."

ಕಾಂತಾಮಣಿ ಓದಿದಳು. ಡಾಕ್ಟರಾದಳು, ಅರಿವಳಿಕೆ ತಜ್ಞೆಯಾದಳು. ಎಲೆಕ್ಟ್ರಾನಿಕ್ಸ್ ಇಂಜಿನಿಯರ್ ಅನಂತಕೃಷ್ಣನನ್ನು ಮದುವೆಯಾಗಿ, ಅವನಿಗೆ ಶ್ವೀಬರ್ಡಿಂಗೆನ್‌ನಲ್ಲಿ ಕಾರಿನ ಬಿಡಿಭಾಗಗಳ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಾಗ ಜರ್ಮನಿಗೆ ಬಂದು, ಹತ್ತಿರದ ಊರಿನ ಆಸ್ಪತ್ರೆಯಲ್ಲಿ ನಿವೃತ್ತಿಯವರೆಗೂ ದುಡಿದಳು. ಮೇಷ್ಟ್ರ ಮಾತು ಅವಳನ್ನು ಚುಚ್ಚಿದ್ದೇನೂ ಇಲ್ಲ. ಕನ್ನಡ ಕೂಟದಲ್ಲಿ ನಾಡಗೀತೆಗೆ ಎಲ್ಲರೂ ಎದ್ದು ನಿಂತಾಗ ತುಟಿ ಮಾತ್ರ ಆಡಿಸುತ್ತಿದ್ದಳು. ಅದು ಕನ್ನಡಕ ಹಾಕಿಕೊಳ್ಳುವಷ್ಟೇ ಸಹಜವಾದ ಅಭ್ಯಾಸವಾಗಿತ್ತು.

ಆ ದಪ್ಪ ದನಿ ಆಸ್ಪತ್ರೆಯಲ್ಲಿ ಉಪಯೋಗಕ್ಕೆ ಬಂದಿತ್ತು. ಆಪರೇಷನ್ ಮೇಜಿನ ಮೇಲೆ ಮಲಗಿ ನಡುಗುವವರ ಕಿವಿಯ ಹತ್ತಿರ ಬಾಗಿ, "ನಿಮಗೆ ಇಷ್ಟವಾದ ಒಂದು ಜಾಗ ನೆನೆಸಿಕೊಳ್ಳಿ. ನಾನು ಇಲ್ಲೇ ಇರುತ್ತೇನೆ" ಎಂದು ನಿಧಾನವಾಗಿ ಜರ್ಮನ್‌ನಲ್ಲಿ ಹೇಳುತ್ತಿದ್ದಳು. ಬಹಳಷ್ಟು ಜನ ಔಷಧ ನರಕ್ಕೆ ಇಳಿಯುವ ಮೊದಲೇ ಅರ್ಧ ಶಾಂತರಾಗುತ್ತಿದ್ದರು.

ನಿವೃತ್ತಿಯಾದ ಮಾರನೆಯ ವರ್ಷ, ಒಂದು ಬೆಳಿಗ್ಗೆ ಊರಿನ ಬೇಕರಿಯಲ್ಲಿ ಬ್ರೆಟ್ಸೆಲ್ ಎಂಬ ಉಪ್ಪುಬ್ರೆಡ್ ಕೇಳುತ್ತಿದ್ದಾಗ ಹಿಂದೆ ನಿಂತಿದ್ದ ಹೆಂಗಸೊಬ್ಬಳು ಅವಳ ತೋಳು ಹಿಡಿದಳು.

"ಕ್ಷಮಿಸಿ. 'ನಾನು ಇಲ್ಲೇ ಇರುತ್ತೇನೆ' ಅಂತ ಹೇಳಿದವರು ನೀವೇ ಅಲ್ಲವೇ?"

ಕಾಂತಾಮಣಿ ತಿರುಗಿ ನೋಡಿದಳು. ಕತ್ತರಿಸಿದ ಬಿಳಿಗೂದಲು, ಮಳೆಕೋಟು. ಗುರುತು ಹತ್ತಲಿಲ್ಲ.

"ನನ್ನ ಪಿತ್ತಕೋಶ ತೆಗೆದಾಗ. ನೀವು ಮಾಸ್ಕ್ ಹಾಕಿಕೊಂಡಿದ್ದಿರಿ, ಮುಖ ನೋಡಿರಲಿಲ್ಲ. ಆದರೆ ದನಿ! ದನಿಯನ್ನು ನಾನು ಮರೆಯುವುದಿಲ್ಲ, ಅದು ನನ್ನ ಉದ್ಯೋಗ." ಅವಳ ಹೆಸರು ಅನ್ನೆಗ್ರೇಟ್ ಹೇಬರ್ಲೆ. ಊರಿನ ಚರ್ಚಿನ ಹಾಡುಗಾರರ ತಂಡವನ್ನು ನಡೆಸುವವಳು. "ನೀವು ಎಲ್ಲಿ ಹಾಡುತ್ತೀರಿ?"

"ಎಲ್ಲೂ ಇಲ್ಲ. ನನಗೆ ಕಂಠವಿಲ್ಲ."

"ಕಂಠವಿಲ್ಲವೇ?" ಅನ್ನೆಗ್ರೇಟ್ ಬೇಕರಿಯೆಲ್ಲ ತಿರುಗಿ ನೋಡುವಂತೆ ನಕ್ಕಳು. "ಫ್ರಾವ್ ಡಾಕ್ಟರ್, ಆ ಕಂಠ ಕೇಳಿಕೊಂಡು ನಿದ್ದೆಹೋದವಳು ನಾನು. ಬುಧವಾರ ಸಂಜೆ ಗೆಮೈಂಡೆಹೌಸ್‌ಗೆ ಬನ್ನಿ."

ಗೆಮೈಂಡೆಹೌಸ್ ಎಂದರೆ ಚರ್ಚಿನ ಪಕ್ಕದ ಸಭಾಭವನ. ಕಾಂತಾಮಣಿ ಎರಡು ಬುಧವಾರ ಹೋಗಲಿಲ್ಲ. ಮೂರನೆಯದಕ್ಕೆ ಅನಂತಕೃಷ್ಣನೇ ಅವಳ ಕೋಟು ತಂದುಕೊಟ್ಟ.

"ಹೋಗಿ ಬಾರೇ. ಅವರೇನು ಎಕ್ಸಾಮ್ ಇಡ್ತಾರಾ?"

"ಅಲ್ಲಾ ರೀ, ಚರ್ಚ್ ಅದು. ನಂಗೆ ಅವರ ಪ್ರೇಯರ್ರೂ ಗೊತ್ತಿಲ್ಲ."

"ಅವರು ಕರೆದಿರೋದು ಹಾಡೋಕೆ ತಾನೇ? ನನ್ನ ಪಾಡಿಗೆ ನಾನು ಉಪ್ಪಿಟ್ಟು ಮಾಡ್ಕೋತೀನಿ, ನಡಿ."

ಅನ್ನೆಗ್ರೇಟ್ ಮೊದಲು ಅವಳನ್ನು ಹೆಂಗಸರ ಕೆಳದನಿಯ ಸಾಲಿನಲ್ಲಿ, ಆಲ್ಟೊದಲ್ಲಿ, ನಿಲ್ಲಿಸಿದಳು. ಹಾಡು ಮೇಲೇರುತ್ತಿದ್ದಂತೆ ಕಾಂತಾಮಣಿಗೆ ಹಳೆಯ ಕೆಮ್ಮು ಬಂತು. ಕ್ಷಮೆ ಕೇಳಿ ಚೀಲ ಎತ್ತಿಕೊಂಡಳು. ಅನ್ನೆಗ್ರೇಟ್ ಪಿಯಾನೊದಲ್ಲಿ ಒಂದೊಂದೇ ಸ್ವರ ಕೆಳಗಿಳಿಸುತ್ತಾ, "ಇದು? ಇದು? ಇನ್ನೂ ಕೆಳಗೆ?" ಎಂದು ಕೇಳುತ್ತಾ ಹೋದಳು. ಒಂದು ಕಡೆ ಕಾಂತಾಮಣಿಯ ಗಂಟಲು ತಾನಾಗಿಯೇ ತೆರೆದುಕೊಂಡಿತು. ದನಿ ಕೋಣೆಯ ಮರದ ನೆಲದಲ್ಲಿ ಸಣ್ಣಗೆ ಅದುರಿತು.

"ಟೆನರ್," ಎಂದಳು ಅನ್ನೆಗ್ರೇಟ್. "ಇಷ್ಟು ವರ್ಷ ಎಲ್ಲಿದ್ದಿರಿ? ನಮಗೆ ಟೆನರ್‌ಗೆ ಜನವೇ ಇಲ್ಲ."

ಟೆನರ್ ಎಂದರೆ ಗಂಡಸರ ಮೇಲಿನ ದನಿ. ಆ ಸಾಲಿನಲ್ಲಿದ್ದವರು ಬೆರಳೆಣಿಕೆಯಷ್ಟು ಮುದುಕರು. ಅವರಲ್ಲಿ ನಿವೃತ್ತ ಪೋಸ್ಟ್‌ಮನ್, ಜೇನು ಸಾಕುವ ಹೆರ್ ಫ್ಯೋಗೆಲೆ ತನ್ನ ಪಕ್ಕದ ಕುರ್ಚಿಯ ಮೇಲಿದ್ದ ಟೋಪಿ ತೆಗೆದು ಜಾಗ ಮಾಡಿದ. ಹೆಂಗಸೊಬ್ಬಳು ಅಲ್ಲಿ ಕೂರುವುದು ವಿಚಿತ್ರವೆಂದು ಯಾರಿಗೂ ಅನ್ನಿಸಿದಂತೆ ಕಾಣಲಿಲ್ಲ. "ಗಾಬರಿಯಾದರೆ ಹಿಂದಿನ ಬೇಸ್ ಸಾಲು, ಗಂಡಸರ ಕೆಳದನಿ, ಕೇಳಿಸಿಕೊಳ್ಳಿ. ಅದು ನಮ್ಮ ನೆಲ," ಎಂದು ಅವನು ಪಿಸುಗುಟ್ಟಿದ.

ಹೀಗೆ ಕಾಂತಾಮಣಿ ಟೆನರ್ ಆದಳು. ಐದು ಗೆರೆಯ ಸ್ವರಲಿಪಿ ಓದಲು ಬರುತ್ತಿರಲಿಲ್ಲವಾದ್ದರಿಂದ ಪ್ರತಿ ಸ್ವರದ ಮೇಲೂ ಪೆನ್ಸಿಲ್‌ನಲ್ಲಿ ಸ, ರಿ, ಗ ಎಂದು ಕನ್ನಡದಲ್ಲಿ ಬರೆದುಕೊಂಡಳು. ಹುಳಿಗೆ ಒಗ್ಗರಣೆ ಹಾಕುವಾಗ, ಬಟ್ಟೆ ಮಡಿಸುವಾಗ ಗುನುಗಿದಳು. ಅನಂತಕೃಷ್ಣ ಪೇಪರ್ ಓದುತ್ತಾ, "ಅದೇ ಸಾಲಿಗೆ ಬಂದು ನಿಂತ್ಕೊಂಡಿದ್ದೀಯಲ್ಲೇ, ಮುಂದಕ್ಕೆ ಹೋಗಲ್ವಾ?" ಎನ್ನುತ್ತಿದ್ದ. "ಉಳಿದ ಮೂರು ಸಾಲು ಮುಂದಕ್ಕೆ ಹೋಗ್ತಿವೆ ರೀ, ನಿಮಗೆ ಕೇಳಿಸ್ತಿಲ್ಲ ಅಷ್ಟೆ," ಎಂದು ಅವಳು ಉತ್ತರ ಕೊಡುತ್ತಿದ್ದಳು.

ಒಂದು ಸೆಪ್ಟೆಂಬರ್‌ನಲ್ಲಿ ಅನ್ನೆಗ್ರೇಟ್ ಹೊಸ ಹಾಳೆಗಳನ್ನು ಹಂಚಿದಳು. ನವೆಂಬರ್ ಕೊನೆಯಲ್ಲಿ, ಆ ವರ್ಷ ತೀರಿಕೊಂಡವರನ್ನು ಚರ್ಚಿನಲ್ಲಿ ನೆನೆಯುವ ಭಾನುವಾರ ಬರುತ್ತದೆ. ಅಂದು ಹಾಡಬೇಕಾದದ್ದು. ಹಾಳೆಯ ಮೇಲಿದ್ದ ಹೆಸರು ಲಿಯೊನ್‌ಹಾರ್ಡ್ ಲೆಖ್ನರ್.

"ಇವನು ನಮ್ಮವನು," ಎಂದಳು ಅನ್ನೆಗ್ರೇಟ್. "ಹುಟ್ಟಿನಿಂದಲ್ಲ. ಓಡಿಬಂದು ನಮ್ಮವನಾದವನು."

ಅವಳು ಹೇಳಿದ ಕಥೆ ಹೀಗಿತ್ತು. ನಾನೂರು ವರ್ಷಕ್ಕೂ ಹಿಂದೆ ಆಲ್ಪ್ಸ್ ಪರ್ವತದ ದಕ್ಷಿಣದ ಕಣಿವೆಯೊಂದರಲ್ಲಿ ಹುಟ್ಟಿದ ಹುಡುಗ ಅವನು. ದನಿ ಚೆನ್ನಾಗಿತ್ತೆಂದು ಬವೇರಿಯದ ಅರಮನೆಯ ಹಾಡುಗಾರರ ತಂಡಕ್ಕೆ ಸೇರಿಸಿದರು. ಆ ಕಾಲದ ದೊಡ್ಡ ಗುರುವಿನ ಕೈಕೆಳಗೆ ಬೆಳೆದ. ಮೀಸೆ ಮೂಡುವ ವಯಸ್ಸಿನಲ್ಲಿ, ಮನೆಯವರ ಕ್ಯಾಥೊಲಿಕ್ ಪಂಥ ಬಿಟ್ಟು ತಾನಾಗಿಯೇ ಲೂಥರನ ಪ್ರೊಟೆಸ್ಟೆಂಟ್ ಪಂಥಕ್ಕೆ ಬಂದ. ನ್ಯೂರೆಂಬರ್ಗ್‌ನಲ್ಲಿ ಶಾಲೆಯ ಉಪಾಧ್ಯಾಯನಾಗಿದ್ದುಕೊಂಡೇ ಹಾಡು ಕಟ್ಟಿ ಹೆಸರು ಮಾಡಿದ. ಆಮೇಲೆ ಹೆಖಿಂಗೆನ್‌ನ ಕೌಂಟ್ ಅವನನ್ನು ಸಂಗೀತದ ಮುಖ್ಯಸ್ಥನಾಗಿ ಕರೆಸಿಕೊಂಡ. ಆ ಕೌಂಟ್ ಕ್ಯಾಥೊಲಿಕ್. ವರ್ಷ ಕಳೆಯುವುದರೊಳಗೆ ಇಬ್ಬರಿಗೂ ಮನಸ್ತಾಪ. ಲೆಖ್ನರ್ ಹೇಳದೆ ಕೇಳದೆ ಹೊರಟುಬಿಟ್ಟ. ಕೌಂಟ್ ಅವನನ್ನು ಹಿಡಿದು ತರಲು ಆಜ್ಞೆ ಮಾಡಿದ.

"ಆಮೇಲೆ?" ಎಂದು ಕಾಂತಾಮಣಿ ಕೇಳಿಯೇಬಿಟ್ಟಳು.

"ಆಮೇಲೆ ನಮ್ಮ ವ್ಯೂರ್ಟೆಂಬರ್ಗ್‌ನ ಡ್ಯೂಕ್, ಅವನೂ ಲೂಥರನ ಪಂಥದವನೇ, ಇವನಿಗೆ ಸ್ಟಟ್‌ಗಾರ್ಟ್‌ನಲ್ಲಿ ಆಸರೆ ಕೊಟ್ಟ. ಮುಖ್ಯಸ್ಥನಾಗಿ ಅಲ್ಲ, ಬರೀ ಹಾಡುಗಾರನಾಗಿ ಸೇರಿಸಿಕೊಂಡ." ಅನ್ನೆಗ್ರೇಟ್ ಟೆನರ್ ಸಾಲಿನ ಕಡೆ ತಿರುಗಿದಳು. "ಟೆನರ್ ಹಾಡುಗಾರನಾಗಿ."

ಹೆರ್ ಫ್ಯೋಗೆಲೆ ಕುರ್ಚಿಯಲ್ಲಿ ನೆಟ್ಟಗಾದ.

"ಹತ್ತು ವರ್ಷ ಸಾಲಿನಲ್ಲಿ ನಿಂತು ಹಾಡಿದ, ಜೊತೆಜೊತೆಗೆ ಬರೆದ. ಕೊನೆಗೆ ಅಲ್ಲಿಯೂ ಮುಖ್ಯಸ್ಥನಾದ. ಈಗ ನಿಮ್ಮ ಕೈಯಲ್ಲಿರುವುದು ಅವನು ಬದುಕಿನ ಕೊನೆಯಲ್ಲಿ ಬರೆದದ್ದು. ಬದುಕಿನ ಬಗ್ಗೆ, ಸಾವಿನ ಬಗ್ಗೆ ಒಂದೊಂದೇ ಪುಟ್ಟ ಮಾತು. ಕೆಲವು ಒಂದು ನಿಮಿಷವೂ ಇಲ್ಲ."

ಕಾಂತಾಮಣಿ ಆ ಹಾಳೆಗಳನ್ನು ಮನೆಗೆ ತಂದು ಊಟದ ಮೇಜಿನ ಮೇಲೆ ಹರಡಿದಳು. ಅದುವರೆಗೆ ಹಾಡಿದ ಬೇರೆ ಹಾಡುಗಳಲ್ಲಿ ಟೆನರ್ ಎಂದರೆ ಗೋಡೆಯ ಇಟ್ಟಿಗೆ, ಇರಬೇಕು, ಕಾಣಬಾರದು. ಲೆಖ್ನರನ ಟೆನರ್ ಹಾಗಿರಲಿಲ್ಲ. ಒಮ್ಮೆ ಎಲ್ಲರಿಗಿಂತ ಮೊದಲು ಹೊರಡುತ್ತಿತ್ತು, ಒಮ್ಮೆ ಎಲ್ಲರೂ ಮುಗಿಸಿದ ಮೇಲೂ ಒಂದು ಗಳಿಗೆ ಉಳಿಯುತ್ತಿತ್ತು. ಸಾಲಿನಲ್ಲಿ ನಿಂತು ಹಾಡಿದವನು ತನಗೆ ಬೇಕಾದ ಹಾಗೆ ಬರೆದುಕೊಂಡಿದ್ದಾನೆ ಎಂದು ಅವಳಿಗೆ ಅನ್ನಿಸಿತು. ಒಂದು ಪಂಥದಿಂದ ಇನ್ನೊಂದಕ್ಕೆ ದಾಟಿದ್ದಕ್ಕೆ ಊರು ಬಿಟ್ಟವನ ಹಾಡನ್ನು, ಯಾವುದಕ್ಕೂ ದಾಟದ ತಾನು ಹಾಡುತ್ತಿರುವುದನ್ನು ನೆನೆದು ನಗುವೂ ಬಂತು. ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ, ಅದು ಇನ್ನೂ ಉರಿಯುತ್ತಿರುವಾಗಲೇ ಅವನ ಸಾಲು ಗುನುಗುತ್ತಿದ್ದಳು. ಎರಡಕ್ಕೂ ಜಗಳವಿರಲಿಲ್ಲ.

ಅಕ್ಟೋಬರ್ ಕೊನೆಗೆ ಸಾವಿತ್ರಿ ಬಂದಳು. ಮೈಸೂರಿನಲ್ಲಿ ಮೂರು ತಲೆಮಾರಿಗೆ ಪಾಠ ಹೇಳಿದ್ದ, ಆಕಾಶವಾಣಿಯಲ್ಲಿ ಹಾಡಿದ್ದ ಸಾವಿತ್ರಿ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ಬಂದಿಳಿದವಳು ಚಟ್ನಿಪುಡಿ, ಹುರಿಗಾಳು, ಎರಡು ಕಾಟನ್ ಸೀರೆ ತಂದಿದ್ದಳು. ತಂಗಿಗೆ ಅವಳು ಬಂದದ್ದು ಹಬ್ಬ. ಆದರೆ ಹಾಡುವ ವಿಷಯ ಮಾತ್ರ ಬಾಯಿಗೆ ಬರಲಿಲ್ಲ. ಅಕ್ಕನ ಮುಂದೆ ತಾನು ಹಾಡುತ್ತೇನೆ ಎಂದು ಹೇಗೆ ಹೇಳುವುದು?

ಬುಧವಾರ ಸಂಜೆ ಕೋಟು ಹಾಕಿಕೊಳ್ಳುತ್ತಾ, "ಒಂದು ಟರ್ಮೀನ್ ಇದೆ ಅಕ್ಕ, ಬೇಗ ಬಂದ್ಬಿಡ್ತೀನಿ," ಎಂದಳು.

"ಟರ್ಮೀನ್ ಅಂದ್ರೆ?"

"ಅಪಾಯಿಂಟ್‌ಮೆಂಟ್."

"ರಾತ್ರಿ ಆಗ್ತಾ ಬಂತು, ಇದೆಂಥ ಅಪಾಯಿಂಟ್‌ಮೆಂಟೇ? ತಾಳು, ನಾನೂ ಬರ್ತೀನಿ. ಮನೇಲಿ ಕೂತು ಕೂತು ಸಾಕಾಗಿದೆ."

ಅನಂತಕೃಷ್ಣ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡ.

ಸಾವಿತ್ರಿ ಸ್ವೆಟರಿನ ಮೇಲೆ ಶಾಲು ಹೊದ್ದು ಸಭಾಭವನದ ಮೂಲೆಯ ಕುರ್ಚಿಯಲ್ಲಿ ಕುಳಿತಳು. ತಂಗಿ ಹೋಗಿ ಗಂಡಸರ ಸಾಲಿನಲ್ಲಿ ಕುಳಿತದ್ದನ್ನು ನೋಡಿದಳು. ಹಾಡು ಶುರುವಾಯಿತು. ಸಾವಿತ್ರಿಯ ಬಲಗೈ ಅಭ್ಯಾಸಬಲದಿಂದ ತೊಡೆಯ ಮೇಲೆ ತಾಳ ಹಾಕಲು ಹೋಗಿ, ಎಲ್ಲಿ ತಟ್ಟಬೇಕೆಂದು ತಿಳಿಯದೆ ಗಾಳಿಯಲ್ಲೇ ನಿಂತಿತು. ಕಾಂತಾಮಣಿ ಅತ್ತ ನೋಡದೆ ಹಾಡಿದಳು.

ವಾಪಸ್ ಬರುವಾಗ ಸಾವಿತ್ರಿ ಶಾಲು ಬಿಗಿಯಾಗಿ ಹೊದ್ದುಕೊಂಡು ತಂಗಿಯ ಕಡೆ ತಿರುಗಿದಳು.

"ಯಾಕೇ ಹೇಳ್ಲಿಲ್ಲ?"

"ನಾಚಿಕೆ ಆಯ್ತು ಅಕ್ಕ."

"ಅದಿರ್ಲಿ. ಹಾಡು ಯಾವುದು ಅದರಲ್ಲಿ? ನಾಲ್ಕು ಜನ ನಾಲ್ಕು ದಾರಿ ಹಿಡ್ಕೊಂಡು ಹೋಗ್ತಾರಲ್ಲೇ. ನಾನು ಮೇಲಿನ ದನಿ ಹಿಡಿದೆ, ಅದೇ ಪಲ್ಲವಿ ಇರಬೇಕು ಅಂತ. ಅಷ್ಟರಲ್ಲಿ ಅದು ಸುಮ್ಮನಾಗಿ ಇನ್ಯಾರೋ ಶುರು ಮಾಡಿದ್ರು. ನಿನ್ನನ್ನಂತೂ ಹುಡುಕೋಕೇ ಆಗ್ಲಿಲ್ಲ."

ಮಾರನೆಯ ದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಅವಳೇ ಮತ್ತೆ ವಿಷಯ ತೆಗೆದಳು. "ನಿನ್ನ ಸಾಲು ಒಂದೇ ಹಾಡು ನೋಡೋಣ."

ಕಾಂತಾಮಣಿ ದೋಸೆ ಕಾವಲಿಯ ಉರಿ ಸಣ್ಣ ಮಾಡಿ ಹಾಡಿದಳು. ಸಾವಿತ್ರಿ ಕಣ್ಣು ಮುಚ್ಚಿ ಕೇಳಿದಳು. ಆಮೇಲೆ ಮೇಲಿನ ದನಿ ಹೇಗೆ ಎಂದು ವಿಚಾರಿಸಿ, ಹಾಳೆಯಲ್ಲಿ ಸ್ವರ ಬರೆದುಕೊಂಡು, ಎರಡು ಸಲದಲ್ಲಿ ಕಲಿತುಬಿಟ್ಟಳು.

"ಈಗ ಇಬ್ರೂ ಒಟ್ಟಿಗೆ."

ಶುರುಮಾಡಿದರು. ನಾಲ್ಕು ಸ್ವರ ದಾಟುವಷ್ಟರಲ್ಲಿ ಸಾವಿತ್ರಿ ತಂಗಿಯ ಸಾಲಿಗೆ ಜಾರಿಬಿದ್ದಿದ್ದಳು. ಇನ್ನೊಮ್ಮೆ ಹಾಡಿದರು. ಈ ಸಲ ಸಾವಿತ್ರಿಯ ದನಿ ತಾನಾಗಿಯೇ ಒಂದು ಸ್ವರದಿಂದ ಇನ್ನೊಂದಕ್ಕೆ ತೂಗಿ, ಗಮಕ ಹುಟ್ಟಿ, ಇಬ್ಬರೂ ಎಲ್ಲಿಗೋ ಹೋಗಿ ನಿಂತರು. ಸಾವಿತ್ರಿ ಸೆರಗು ಬಾಯಿಗೆ ಒತ್ತಿಕೊಂಡು ನಗಲು ಶುರುಮಾಡಿದಳು. ನಕ್ಕೂ ನಕ್ಕೂ ಸ್ಟೂಲಿನ ಮೇಲೆ ಕುಳಿತಳು.

"ಅಯ್ಯೋ ದೇವ್ರೇ! ಗಂಟೆಗಟ್ಟಲೆ ತೋಡಿ ಹಾಡ್ತೀನಿ ಕಣೇ ನಾನು. ನಾಲ್ಕು ಸ್ವರ ನಿಲ್ಲಿಸೋಕಾಗ್ಲಿಲ್ಲ. ನೀನು ಹೇಗೆ ನಿಲ್ತೀಯೇ?"

"ನಿನ್ನ ದನಿ ಕೇಳಿಸ್ಕೋತೀನಿ ಅಕ್ಕ, ಆದ್ರೆ ಅದರ ಹಿಂದೆ ಹೋಗಲ್ಲ. ಆಪರೇಷನ್ ಥಿಯೇಟರ್‌ನಲ್ಲಿ ಸರ್ಜನ್ ಅವರ ಕೆಲಸ ಮಾಡ್ತಿರ್ತಾರೆ, ನಾನು ಅವರ ಕೈ ನೋಡ್ತಾನೇ ನನ್ನ ಕೆಲಸ ಮಾಡ್ತಿದ್ದೆ. ಹಾಗೇ."

ಸಾವಿತ್ರಿಯ ನಗು ನಿಧಾನವಾಗಿ ಇಳಿಯಿತು. "ಎಲ್ಲಿ, ನಿನ್ನ ಸಾಲು ಇನ್ನೊಂದ್ಸಲ ಹಾಡು," ಎಂದಳು. ಈ ಸಲ ಮೊಬೈಲಿನಲ್ಲಿ ಶ್ರುತಿ ಹಾಕಿ, ಕೆಳಗಿಳಿಸುತ್ತಾ ಬಂದು ಒಂದು ಕಡೆ ನಿಲ್ಲಿಸಿದಳು. "ನೋಡು, ಇಲ್ಲಿದ್ದೀಯ ನೀನು. ಮೇಷ್ಟ್ರು ನಮ್ಮಿಬ್ಬರನ್ನೂ ಒಂದೇ ಶ್ರುತಿಗೆ ಕೂರಿಸಿದ್ರು, ನನ್ನ ಶ್ರುತಿಗೆ. ಅಷ್ಟು ಮೇಲೆ ನಿನಗೆ ಕೆಮ್ಮು ಬರದೆ ಇನ್ನೇನು ಬರುತ್ತೆ? ಕಂಠ ಇರಲಿಲ್ಲ ಅಂತಲ್ಲ. ಯಾರೂ ಕೆಳಗೆ ಬಂದು ಹುಡುಕಲಿಲ್ಲ."

ಕಾಂತಾಮಣಿ ಕಾವಲಿಯ ಕಡೆ ತಿರುಗಿದಳು. ದೋಸೆ ಸೀದಿತ್ತು. ಅದನ್ನು ತೆಗೆದು, ಇನ್ನೊಂದು ಹುಯ್ದಳು. ಕಣ್ಣು ಮಂಜಾಗಿತ್ತಾದರೂ ದುಃಖವೇನೂ ಅಲ್ಲ. ಇಷ್ಟು ಚಿಕ್ಕ ವಿಷಯವಾಗಿತ್ತಲ್ಲ ಎಂಬ ಹಗುರ.

ಅಲ್ಲಿಂದ ಮುಂದೆ ಸಾವಿತ್ರಿ ಪ್ರತಿ ಬುಧವಾರವೂ ಬಂದಳು. ಎರಡನೆಯ ವಾರಕ್ಕೆ ಅನ್ನೆಗ್ರೇಟ್ ಅವಳನ್ನು ಹೆಂಗಸರ ಮೇಲಿನ ದನಿಯವರ ಪಕ್ಕ ಕೂರಿಸಿದಳು, ಹಾಡುವುದಕ್ಕಲ್ಲ, ಕೇಳುವುದಕ್ಕೆ. ಭಾಷೆ ಬಾರದ ಸಾವಿತ್ರಿ ಎಲ್ಲಾದರೂ ಸ್ವರ ಕುಸಿದರೆ ತೋರುಬೆರಳನ್ನು ಮೇಲಕ್ಕೆ ಎತ್ತುತ್ತಿದ್ದಳು. ಸೊಪ್ರಾನೊ ಹೆಂಗಸರು ಆ ಬೆರಳಿಗೆ ಹೆದರುವುದನ್ನು ಕಲಿತರು. ಹೆರ್ ಫ್ಯೋಗೆಲೆ ಅವಳಿಗೆ ಒಂದು ಬಾಟಲಿ ಜೇನುತುಪ್ಪ ತಂದುಕೊಟ್ಟ. ಲೇಬಲ್ಲಿನ ಮೇಲೆ ಅವನ ಹೆಂಡತಿ ಹಿಲ್ಡೆಗಾರ್ಡಳ ಕೈಬರಹವಿತ್ತು. ಅವಳು ಆ ವರ್ಷದ ವಸಂತದಲ್ಲಿ ತೀರಿಕೊಂಡಿದ್ದಳು. ಅವಳು ಬರೆದಿಟ್ಟ ಲೇಬಲ್ಲುಗಳು ಇನ್ನೂ ಒಂದು ಡಬ್ಬಿಯಷ್ಟಿವೆ ಎಂದು ಅವನು ಕಾಂತಾಮಣಿಗೆ ಹೇಳಿದ.

ನವೆಂಬರ್ ಕೊನೆಯ ಆ ಭಾನುವಾರ ಮಧ್ಯಾಹ್ನ ಚರ್ಚಿನ ಕಲ್ಲುಗೋಡೆಗಳಿಂದ ಚಳಿ ಇಳಿಯುತ್ತಿತ್ತು. ಅನಂತಕೃಷ್ಣ, ಸಾವಿತ್ರಿ ಮುಂದಿನ ಬೆಂಚುಗಳಲ್ಲೊಂದರಲ್ಲಿ ಕುಳಿತಿದ್ದರು. ಪಾದ್ರಿ ವರ್ಷದಲ್ಲಿ ತೀರಿಹೋದವರ ಹೆಸರುಗಳನ್ನು ಒಂದೊಂದಾಗಿ ಓದಿದರು. ಪ್ರತಿ ಹೆಸರಿಗೂ ಒಂದು ಮೇಣದಬತ್ತಿ ಹಚ್ಚುತ್ತಿದ್ದರು. ಹಿಲ್ಡೆಗಾರ್ಡ್ ಫ್ಯೋಗೆಲೆ ಎಂಬ ಹೆಸರು ಬಂದಾಗ ಕಾಂತಾಮಣಿಯ ಪಕ್ಕದ ಮನುಷ್ಯ ಅಲುಗಾಡಲಿಲ್ಲ. ಹಾಳೆ ಹಿಡಿದ ಕೈ ಸ್ಥಿರವಾಗಿತ್ತು.

ಹಾಡು ಶುರುವಾಯಿತು. ಮೊದಲ ಕೆಲವು ತುಣುಕು ಚೆನ್ನಾಗಿ ಸಾಗಿದವು. ಆಮೇಲೆ ಟೆನರ್ ಎಲ್ಲರಿಗಿಂತ ಮೊದಲು ಹೊರಡಬೇಕಾದ ಜಾಗ ಬಂತು. ಹೆರ್ ಫ್ಯೋಗೆಲೆ ಉಸಿರು ಎಳೆದುಕೊಂಡ, ಸ್ವರ ಹೊರಡಲಿಲ್ಲ. ಅವನು ಹಾಳೆಯಿಂದ ಕಣ್ಣೆತ್ತಿ ಮೇಣದಬತ್ತಿಗಳ ಕಡೆ ನೋಡುತ್ತಿದ್ದ. ಅವನಿಲ್ಲದೆ ಆ ಸಾಲು ಯಾವತ್ತೂ ನಿಂತಿರಲಿಲ್ಲ. ಇನ್ನುಳಿದ ಮುದುಕರೂ ಅವನನ್ನೇ ನೆಚ್ಚಿಕೊಂಡವರು.

ಅವಳು ತಾನೇ ಹೊರಟಳು. ಜೋರು ಮಾಡಲಿಲ್ಲ. ಭಯಪಟ್ಟು ಮಲಗಿದವರ ಕಿವಿಯ ಹತ್ತಿರ ಮಾತಾಡುವಾಗ ಎಷ್ಟು ದನಿ ಬೇಕೋ ಅಷ್ಟೇ, ಅದೇ ಎತ್ತರದಲ್ಲಿ. ಉಳಿದ ಮುದುಕರು ಒಬ್ಬೊಬ್ಬರಾಗಿ ಬಂದು ಸೇರಿಕೊಂಡರು. ಹಿಂದೆ ಬೇಸ್, ಮೇಲೆ ಹೆಂಗಸರು ಬಂದರು. ಹಾಡು ಮುಂದೆ ಸಾಗಿತು. ಕಾಂತಾಮಣಿ ಕಣ್ಣು ತಿರುಗಿಸಲಿಲ್ಲ; ತನ್ನ ಹಾಳೆಯನ್ನು ಸ್ವಲ್ಪ ಎಡಕ್ಕೆ, ಅವನಿಗೂ ಕಾಣುವಂತೆ, ಹಿಡಿದಳು. ಅವನ ಕೈಯಲ್ಲೂ ಅದೇ ಹಾಳೆಯಿತ್ತು. ಆದರೂ ಹಿಡಿದಳು.

ಕನ್ನಡದಲ್ಲಿ ಬರೆದ ಸರಿಗಮವನ್ನು ಅವನು ಓದಲಾರ. ಎರಡು ತುಣುಕು ಕಳೆದ ಮೇಲೆ, ಕೊನೆಯದರ ನಡುವಿನಲ್ಲಿ, ಅವನ ದನಿ ಅವಳ ದನಿಯ ಕೆಳಗೆ ಮೆಲ್ಲಗೆ ಬಂದು ಕೂತಿತು. ಕೊನೆಯ ಸ್ವರವನ್ನು ಇಬ್ಬರೂ ಒಟ್ಟಿಗೆ ಬಿಟ್ಟರು.

ಆಮೇಲೆ ಸಭಾಭವನದಲ್ಲಿ ಕಾಫಿ, ಹೆಣೆದ ಸಿಹಿಬ್ರೆಡ್. ಹೆರ್ ಫ್ಯೋಗೆಲೆ ಬಂದು ಕಾಂತಾಮಣಿಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ನೀವು ಹೊರಟಿರಿ, ಹಾಗಾಗಿ ನನಗೆ ಅವಳನ್ನು ನೆನೆಯಲು ಪುರುಸೊತ್ತು ಸಿಕ್ಕಿತು," ಎಂದ. ಆಮೇಲೆ ಸಿಹಿಬ್ರೆಡ್ಡಿಗೆ ಬೆಣ್ಣೆ ಸವರಿ ಚೆನ್ನಾಗಿ ತಿಂದ.

ಸಾವಿತ್ರಿ ತಂಗಿಯನ್ನು ಕಿಟಕಿಯ ಹತ್ತಿರಕ್ಕೆ ಎಳೆದುಕೊಂಡು ಹೋದಳು. "ಇವತ್ತು ನೀನು ನಂಗೆ ಕೇಳಿಸ್ದೆ ಕಣೇ. ಮಧ್ಯದಲ್ಲಿ ಅವರು ನಿಂತ್ಬಿಟ್ರು ಅಲ್ವಾ? ಎಳೆ ತೆಳುವಾಯ್ತು, ಕಡಿದುಹೋಗ್ಲಿಲ್ಲ. ಅದನ್ನ ಹಿಡ್ಕೊಂಡೇ ಉಳಿದ ಮೂರೂ ಕೇಳ್ತಾ ಹೋದೆ. ಆಗ ಗೊತ್ತಾಯ್ತು, ಹಾಡು ಯಾರೊಬ್ರ ಹತ್ರಾನೂ ಇಲ್ಲ, ಎಲ್ಲರ ಮಧ್ಯ ಇದೆ ಅಂತ." ಆಮೇಲೆ ಅನುಮಾನದಿಂದ ಕೇಳಿದಳು: "ಸರಿಯಾಗಿ ಹೇಳಿದ್ನಾ?"

"ನಂಗೂ ಗೊತ್ತಿಲ್ಲ ಅಕ್ಕ. ಒಳಗೆ ನಿಂತೋರಿಗೆ ಪೂರ್ತಿ ಕೇಳ್ಸಲ್ಲ."

ಸಾವಿತ್ರಿ ಊರಿಗೆ ಹೊರಡುವ ಮುನ್ನ ಅಕ್ಕತಂಗಿಯರು ಸ್ಟಟ್‌ಗಾರ್ಟ್‌ಗೆ ಹೋದರು. ಕೋರ್ನ್‌ಟಾಲ್‌ನಲ್ಲಿ ಎಸ್-ಬಾನ್ ಎಂಬ ಲೋಕಲ್ ರೈಲು ಹತ್ತಿ, ಪೇಟೆಯ ನಡುವೆ ಇಳಿದು, ಹಳೆಯ ಅರಮನೆಗೆ ನಡೆದರು. ಲೆಖ್ನರ್ ಹಾಡಿದ ಡ್ಯೂಕನ ಅರಮನೆ ಅದು. ತಂಗಿಯ ಬಾಯಲ್ಲಿ ಅವನ ಕಥೆ ಕೇಳಿದ್ದ ಸಾವಿತ್ರಿ, ಅವನ ಹೆಸರಿನ ಫಲಕವೇನಾದರೂ ಇದ್ದೀತೆಂದು ಅಂಗಳವೆಲ್ಲ ಹುಡುಕಿದಳು. ಅವರ ಕಣ್ಣಿಗೆ ಏನೂ ಬೀಳಲಿಲ್ಲ. ಅರಮನೆಯ ಚರ್ಚಿನ ಬಾಗಿಲು ಅಂದು ತೆರೆದಿತ್ತು. ಒಳಗೆ ಇಬ್ಬರು ಹೆಂಗಸರು ಕ್ರಿಸ್ಮಸ್ ಹಬ್ಬಕ್ಕೆಂದು ಫರ್ ಮರದ ರೆಂಬೆಗಳನ್ನು ಕಟ್ಟುತ್ತಿದ್ದರು. ಅಕ್ಕತಂಗಿಯರು ಹಿಂದಿನ ಬೆಂಚಿನಲ್ಲಿ ಕುಳಿತರು.

"ಇಲ್ಲೇ ನಿಂತಿದ್ನೇನೋ," ಎಂದಳು ಸಾವಿತ್ರಿ. "ಪಾಪ, ಹಿಡ್ಕೊಂಡು ಹೋಗೋಕೆ ಬಂದಾರು ಅಂತ ಬಾಗಿಲ ಕಡೆ ನೋಡ್ತಾ ಹಾಡ್ತಿದ್ನೋ ಏನೋ."

"ಶುರುನಲ್ಲಿ ಇರಬಹುದು. ಆಮೇಲೆ ಮರೆತಿರ್ತಾನೆ. ಪಕ್ಕದೋರ ಸ್ವರ ಕೇಳ್ತಾ ಇದ್ರೆ ಬಾಗಿಲ ಕಡೆ ಗಮನ ಹೋಗಲ್ಲ."

ರೆಂಬೆ ಕಟ್ಟುತ್ತಿದ್ದವಳೊಬ್ಬಳು ಇವರ ಹತ್ತಿರ ಬಂದು, ಏಣಿ ಸ್ವಲ್ಪ ಹಿಡಿದುಕೊಳ್ಳುತ್ತೀರಾ ಎಂದು ಕೇಳಿದಳು. ಕಾಂತಾಮಣಿ ಏಣಿ ಹಿಡಿದಳು. ಸಾವಿತ್ರಿ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಕೆಳಗಿದ್ದ ರೆಂಬೆಗಳನ್ನು ಒಂದೊಂದಾಗಿ ಮೇಲಕ್ಕೆ ಕೊಟ್ಟಳು. ಕೆಲಸ ಮುಗಿಯುವ ಹೊತ್ತಿಗೆ ಇಬ್ಬರ ಕೈಗೂ ಮರದ ಅಂಟು ಮೆತ್ತಿತ್ತು. ಹೊರಗೆ ಬಂದು, ಅಂಗಡಿಯೊಂದರಲ್ಲಿ ಹುರಿದ ಬಿಸಿ ಚೆಸ್ಟ್‌ನಟ್ ಕೊಂಡು, ಸಿಪ್ಪೆ ಸುಲಿದು ಹಂಚಿಕೊಂಡು ತಿನ್ನುತ್ತಾ ಅವರು ಸ್ಟೇಷನ್ ಕಡೆಗೆ ನಡೆದರು.